ಕ್ಷಮಿಸಿದವಳು

ಕ್ಷಮಿಸಿದ ಮೇಲೆ ಎದೆ ಹಗುರಾಗುತ್ತದೆಂದು ಅವಳು ಕೇಳಿದ್ದಳು. ಯಾರ ಬಾಯಿಂದ ಕೇಳಿದ್ದೋ ನೆನಪಿಲ್ಲ; ಆದರೆ ಮೊನ್ನೆ ಸಂಜೆಯಿಂದ ತನ್ನ ಎದೆಯ ಮೇಲೆ ಬಂದು ಕುಳಿತಿರುವುದಕ್ಕೆ ಹಗುರೆಂಬ ಮಾತು ಯಾವ ಅರ್ಥದಲ್ಲಿಯೂ ಸಲ್ಲದು ಎಂದುಕೊಳ್ಳುತ್ತ ಕಾಜಾದಮ್ಮ ಅಂಗಿಯ ಎದೆಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದರ್ಜಿಯಂಗಡಿಯವರು ಹೊಲಿದು ಕಳಿಸುವ ಅಂಗಿಗಳಿಗೆ ಗುಂಡಿ ತೂರುವ ಸೀಳನ್ನು ಕೊಯ್ದು, ಆ ಸೀಳಿನ ಅಂಚು ಎಳೆಬಿಡದಂತೆ ಒತ್ತೊತ್ತಾಗಿ ದಾರ ಹೆಣೆದು ಕೊಡುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಮಗನನ್ನು ಬೆಳೆಸಿದ್ದೂ, ಈ ಒಂದೂವರೆ ಕೋಣೆಯ ಮನೆಯನ್ನು ಉಳಿಸಿಕೊಂಡದ್ದೂ ಆ ಕಾಜಾಗಳಿಂದಲೇ. ಬೀದಿಯು ಅವಳ ಹುಟ್ಟುಹೆಸರನ್ನು ಮರೆತದ್ದೂ ಅವುಗಳಿಂದಲೇ. ಅಡುಗೆಯ ಮೂಲೆಯಲ್ಲಿ ಸೊಸೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ತಟ್ಟೆ ಬೇರೆ, ಲೋಟ ಬೇರೆ, ಕುಳಿತ ಚಾಪೆಯೂ ಬೇರೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಎಂಜಲಿನಿಂದ ಅಂಟುವ ರೋಗವಲ್ಲ ಅದು ಎಂದು ಆಸ್ಪತ್ರೆಯವರು ತಿಳಿಸಿಯೇ ಕಳಿಸಿದ್ದರು. ಆಸ್ಪತ್ರೆಯವರು ಈ ಹುಡುಗಿಗೆ ಹೇಳುವುದಕ್ಕೆ ಎಷ್ಟೋ ಮೊದಲೇ ಕಾಜಾದಮ್ಮನಿಗೆ ಅದು ಗೊತ್ತಿತ್ತು. ಮಗ ಕುಡಿದಿಟ್ಟ ಲೋಟದಲ್ಲಿ ಅವಳು ವರ್ಷಗಟ್ಟಲೆ ನೀರು ಕುಡಿದಿದ್ದಳು.

"ಈ ಕಡೆ ತಿರುಗಿ ಕೂತ್ಕೊಳ್ಳೇ. ಗೋಡೆ ಜೊತೆ ಏನು ಮಾತು ನಿಂಗೆ?"

"ಬೇಡ ಅತ್ತೆ. ನಿಮಗೇನಾದ್ರೂ ಆದ್ರೆ ಆಮೇಲೆ ನಾನು ಯಾವ ಬಾವಿ ಹುಡುಕ್ಕೊಂಡು ಹೋಗ್ಲಿ?" ಎಂದು ಸೊಸೆ ತಿರುಗದೆಯೇ ನಕ್ಕಳು. ಆ ನಗುವಿನಲ್ಲಿ ಕೃತಜ್ಞತೆಯಿತ್ತು. ಕಾಜಾದಮ್ಮನ ಸೂಜಿ ಬಟ್ಟೆಯನ್ನು ದಾಟಿ ಬೆರಳಿಗೆ ನಾಟಿತು.

ಮೊನ್ನೆ ಬಸುರಿಯರ ತಪಾಸಣೆಗೆ ಹೋದವಳು ಮಧ್ಯಾಹ್ನ ಕಳೆದ ಮೇಲೆ ಬಂದು ಹೊಸ್ತಿಲ ಹೊರಗೇ ಕುಳಿತುಬಿಟ್ಟಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಎಚ್‌ಐವಿ ಅಂತೆ ಅತ್ತೆ, ರಕ್ತದಲ್ಲಿ ಸಿಕ್ಕಿತಂತೆ, ಎಂದಳು. ಆಮೇಲೆ ಯಾರೂ ಕೇಳದೆ, ಯಾರೂ ಒತ್ತಾಯಿಸದೆ, ಹೊಲಿಗೆ ಕಾರ್ಖಾನೆಯಲ್ಲಿ ತಾನು ದಾರ ಕತ್ತರಿಸುವ ಕೆಲಸಕ್ಕಿದ್ದ ದಿನಗಳ ಮಾತು ತೆಗೆದಳು. ಅಲ್ಲಿನ ಸೂಪರ್‌ವೈಸರನ ಮಾತು, ಬಟ್ಟೆಯ ಥಾನುಗಳನ್ನು ಒಟ್ಟಿದ್ದ ಗೋಡೌನಿನ ಮಾತು. ಬಾಗಿಲು ಹಾಕಿಕೊಂಡಾಗ ಕೂಗಲಿಲ್ಲವೇ ಎಂದು ಕೇಳುವವರಿಗೆ ಮೊದಲೇ ಉತ್ತರ ಕೊಟ್ಟುಬಿಡುವಂತೆ, "ಕೂಗಿದ್ರೆ ಕೆಲಸ ಹೋಗ್ತಿತ್ತು ಅತ್ತೆ. ಕೆಲಸ ಹೋದ್ರೆ ಚಿಕ್ಕಮ್ಮ ಮನೆಯೊಳಗೆ ಸೇರಿಸ್ತಿರಲಿಲ್ಲ. ಆಮೇಲೂ ಅವನು ಕರೆದಾಗೆಲ್ಲ ಹೋದೆ, ಅದೇ ಭಯಕ್ಕೆ," ಎಂದಳು. ಆ ಪಾಪ ಈಗ ರಕ್ತದಲ್ಲಿ ತೋರಿದೆ. ತಾನೇ ಅದನ್ನು ಈ ಮನೆಗೆ ತಂದವಳು. ನಿಮ್ಮ ಮಗನಿಗೆ ನನ್ನ ಕೈಯಾರೆ ವಿಷ ಹಾಕಿದೆ ಎನ್ನುತ್ತ ಹೊಸ್ತಿಲ ಮೇಲೆ ಹಣೆಯಿಟ್ಟು ಅತ್ತೆಯ ಪಾದಗಳನ್ನು ಹಿಡಿದುಕೊಂಡಳು. ಆ ಗಳಿಗೆಯಲ್ಲಿ ಕಾಜಾದಮ್ಮ ಬಾಯಿ ತೆರೆದದ್ದು ನಿಜ. ಇಲ್ಲ ಕಣೆ ಎನ್ನುವುದಕ್ಕೇ ತೆರೆದಿದ್ದಳು. ಆದರೆ ಬಾಯಿಗಿಂತ ಕೈ ಮುಂದಾಯಿತು. ಅದು ಹೋಗಿ ಹುಡುಗಿಯ ತಲೆಯ ಮೇಲೆ ಕುಳಿತಿತು. ಅಲ್ಲಿ ಕುಳಿತ ಮೇಲೆ ಬಾಯಿಯು ಕೈಯನ್ನು ಅನುಸರಿಸಬೇಕಾಯಿತು. "ಆಗಿದ್ದು ಆಗಿಹೋಯ್ತು. ನಾನು ಕ್ಷಮಿಸಿದೀನಿ, ಏಳು," ಎಂದಳು. ಹತ್ಯೆಗೂ ಕಳವಿಗೂ ಪ್ರಾಯಶ್ಚಿತ್ತವನ್ನು ವಿಧಿಸಿದ ಶಾಸ್ತ್ರಕಾರರಿಗೆ, ತನ್ನ ಅಪರಾಧವನ್ನು ಅದಕ್ಕೆ ಬಲಿಯಾದವಳ ತಲೆಗೇ ಕಟ್ಟಿ, ಮೇಲೆ ಅವಳನ್ನು ಕ್ಷಮಿಸುವ ಮನುಷ್ಯರೂ ಇರಬಹುದೆಂಬುದು ಹೊಳೆದಿರಲಾರದು.

ಮಗ ಮದುವೆಯೇ ಬೇಡವೆಂದಿದ್ದ. ಅದನ್ನು ಅವಳು ಯಾವ ದೇವರ ಮುಂದೆಯೂ ಅಲ್ಲಗಳೆಯುವಂತಿರಲಿಲ್ಲ. ಸೇತುವೆ ಕಟ್ಟುವ ಕಡೆಗಳಲ್ಲಿ ಕಬ್ಬಿಣ ಬೆಸೆಯುವ ಕೆಲಸ ಅವನದು. ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ತಗಡಿನ ಶೆಡ್ಡುಗಳಲ್ಲಿ ಬದುಕುವವನು. ಜ್ವರ ಬಿಡದೆ ಒಣಗಿ ಕಡ್ಡಿಯಾಗಿ ಬಂದವನನ್ನು ಬೇರೆ ಊರಿನ ದೊಡ್ಡಾಸ್ಪತ್ರೆಗೆ ಅವಳೇ ಕರೆದುಕೊಂಡು ಹೋಗಿದ್ದಳು. ರೋಗದ ಹೆಸರು ತಿಳಿದ ದಿನ ಅವಳು ಅತ್ತಿರಲಿಲ್ಲ. ಮಾತ್ರೆ ನುಂಗಿ ಆರು ತಿಂಗಳಲ್ಲಿ ಕೆನ್ನೆ ತುಂಬಿಕೊಂಡಾಗ ಮಾತ್ರ ಅತ್ತಿದ್ದಳು. ಕೆನ್ನೆ ತುಂಬಿದ್ದೇ ಬೀದಿಗೆ ನೆನಪಾಯಿತು: ಕಾಜಾದಮ್ಮ, ಮಗನಿಗೆ ಹೆಣ್ಣು ನೋಡೋದು ಯಾವಾಗ? ಎದುರುಮನೆಯ ಹೆಂಗಸು, ಮೂರು ಬೀದಿಯ ಸಮಾಚಾರ ಬಾಯಲ್ಲಿಟ್ಟುಕೊಂಡು ತಿರುಗುವುದರಿಂದ ವಾರ್ತೆಯಮ್ಮ ಎನಿಸಿಕೊಂಡವಳು, ಅವನಿಗೇನಾದ್ರೂ ಐಬು ಇದೆಯೇನೇ ಎಂದು ನಗುನಗುತ್ತ ಕೇಳಿದಳು. ಆ ನಗು ರಾತ್ರಿಯೆಲ್ಲ ಕಿವಿಯಲ್ಲಿ ಕೊರೆಯಿತು. ನನಗೆ ಮದುವೆ ಬೇಡಮ್ಮ, ಇನ್ನೊಬ್ಬರ ಜೀವ ಯಾಕೆ, ಎಂದು ಮಗ ಎರಡು ಸಲ ಹೇಳಿದ. ಮೂರನೆಯ ಸಲ ಸುಮ್ಮನಿದ್ದ. ಆ ಮೌನವನ್ನು ಅವಳು ಒಪ್ಪಿಗೆಯೆಂದು ತೆಗೆದುಕೊಂಡಳು. ಹೆಂಡತಿ ಬಂದರೆ ಊಟ ಮಾತ್ರೆ ನೋಡಿಕೊಳ್ಳುತ್ತಾಳೆ ಎಂದು ಮೊದಲು ಯೋಚಿಸಿದವಳು, ಹೆಂಡತಿಗೆ ಮಾತ್ರೆ ಕಾಣಬಾರದೆಂದು ಆಮೇಲೆ ಯೋಚಿಸಿದಳು. ಎರಡು ಯೋಚನೆಗಳೂ ಒಂದರ ಪಕ್ಕದಲ್ಲೊಂದು ಜಗಳವಾಡದೆ ಕುಳಿತಿದ್ದವು. ತಂದೆ ತಾಯಿ ಇದ್ದ ಮನೆಗಳನ್ನು ಅವಳು ನೋಡಲೇ ಇಲ್ಲ. ಅಣ್ಣಂದಿರಿದ್ದ ಹುಡುಗಿಯನ್ನು ಜಾತಕದ ನೆಪ ಹೇಳಿ ಬಿಟ್ಟಳು. ಚಿಕ್ಕಮ್ಮನ ಮನೆಯ ಹೊರೆಯಾಗಿದ್ದ ಈ ಹುಡುಗಿಯನ್ನು ನೋಡಿದೊಡನೆ, ಯಾರೂ ಏನೂ ಕೇಳುವವರಿಲ್ಲವೆಂಬ ಒಂದೇ ಕಾರಣಕ್ಕೆ, ಅವಳ ಜೀವ ನಿರಾಳವಾಯಿತು. ಏನನ್ನೂ ಕೇಳದೆ, ಉಟ್ಟ ಬಟ್ಟೆಯಲ್ಲಿ ತಂದುಕೊಂಡಳು. ಎಂಥ ದೊಡ್ಡ ಮನಸ್ಸು ಎಂದು ಬೀದಿಗೆ ಬೀದಿಯೇ ಕೊಂಡಾಡಿತು. ಹೊಗಳಿಕೆ ಕಿವಿಗೆ ಬಿದ್ದಾಗ ಅವಳು ತಲೆ ತಗ್ಗಿಸುತ್ತಿದ್ದಳು. ಅದನ್ನೂ ಜನ ವಿನಯವೆಂದರು.

ಮಾತ್ರೆಗಳನ್ನು ಗುಂಡಿಗಳ ಡಬ್ಬದಲ್ಲಿ, ಗುಂಡಿಗಳ ಅಡಿಯಲ್ಲಿ, ಬಟ್ಟೆಯ ಗಂಟಿನಲ್ಲಿ ಇಡುತ್ತಿದ್ದಳು. ಆ ಡಬ್ಬವನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಮಗ ಮನೆಯಲ್ಲಿದ್ದಾಗ ಸೊಸೆ ನೀರಿಗೆಂದೋ ಅಂಗಡಿಗೆಂದೋ ಹೋಗುವುದನ್ನು ಕಾದು ಒಂದನ್ನು ಅವನ ಅಂಗೈಗೆ ಹಾಕುತ್ತಿದ್ದಳು. ಸೊಸೆಯೋ ಒಳ್ಳೆಯ ಸೊಸೆ. ಗಂಡ ಬಂದ ದಿನಗಳಲ್ಲಿ ಮನೆ ಬಿಟ್ಟು ಕದಲುತ್ತಿರಲಿಲ್ಲ. ಹಾಗಾಗಿ ಕೆಲವು ದಿನ ತಪ್ಪಿತು. ಆಮೇಲೆ ಹಲವು ದಿನ ತಪ್ಪಿತು. ಕೆಲಸಕ್ಕೆ ಹೋದ ಕಡೆ ಜೊತೆಯವರಿಗೆ ಕಂಡೀತೆಂದು ಅವನು ಗಂಟನ್ನೇ ಮರೆತು ಹೋಗತೊಡಗಿದ. ಮರೆತದ್ದೋ, ಮರೆತಂತೆ ಮಾಡಿದ್ದೋ, ಇವಳೂ ಕೇಳಲಿಲ್ಲ. ವರ್ಷ ತಿರುಗಿದರೂ ಬಸುರಿಲ್ಲವೇ ಎಂದು ವಾರ್ತೆಯಮ್ಮ ಮತ್ತೆ ನಕ್ಕಾಗ, ಜನ ಆಡಿಕೊಳ್ಳುತ್ತಾರೆ ಕಣೋ ಎಂದು ಮಗನಿಗೆ ಹೇಳಿದವಳೂ ಅವಳೇ.

"ಏನು ಕಾಜಾದಮ್ಮ, ಅತ್ತೆ ಸೊಸೆ ಇಬ್ರೂ ಸಿಂಗಾರ ಮಾಡ್ಕೊಂಡು ಯಾವ ಸಿನಿಮಾಕ್ಕೆ?" ಊಟವಾದ ಮೇಲೆ ಇಬ್ಬರೂ ಬೀಗ ಹಾಕಿಕೊಂಡು ಹೊರಟಾಗ ಎದುರು ಜಗಲಿಯಿಂದ ವಾರ್ತೆಯಮ್ಮ ಕೇಳಿದಳು.

"ಬಸುರಿ ತಪಾಸಣೆಗೆ ಕಣೆ."

"ನೋಡಮ್ಮ! ನಾನು ಬಸುರಿ ಅಂತ ತಿಳಿದ ದಿನ ನಮ್ಮತ್ತೆ ಒಂದು ಕೊಡ ಹೊರ್ತಿದ್ದೋಳಿಗೆ ಎರಡು ಹೊರಿಸಿದ್ಲು, ಒಳಗಿರೋದೂ ಕೆಲಸ ಕಲೀಲಿ ಅಂತ. ನೀನು ಜೊತೆಗೇ ಹೊರಟಿದೀಯ. ಲೇ ಹುಡುಗಿ, ಇಂಥ ಅತ್ತೆ ಅಂಗಡೀಲಿ ಸಿಗಲ್ಲ, ಭದ್ರವಾಗಿ ಇಟ್ಕೋ!"

"ಹೂಂ, ನಂಗೊತ್ತು," ಎಂದಳು ಸೊಸೆ. ಅವಳ ಕಣ್ಣು ತುಂಬಿ ಬಂದದ್ದನ್ನು ಕಂಡು ವಾರ್ತೆಯಮ್ಮನಿಗೇ ನಾಚಿಕೆಯಾಗಿ ಒಳಗೆ ಹೋದಳು. ಬಸ್ಸಿನಲ್ಲಿ ಹುಡುಗಿ ಮೆಲ್ಲಗೆ ಮಾತಾಡುತ್ತಲೇ ಇದ್ದಳು: ಮುಂದಿನ ವಾರ ಅವರು ಬಂದಾಗ ನಾನೇ ಹೇಳುತ್ತೇನೆ, ಹೊಡೆದರೂ ಹೊಡೆಸಿಕೊಳ್ಳುತ್ತೇನೆ, ನೀವು ನಡುವೆ ಬರಬೇಡಿ. ಕಾಜಾದಮ್ಮ ನಿನ್ನೆ ಬೀದಿಯ ಕೊನೆಗೆ ಹೋಗಿ, ಗೋಡೆಗೆ ಮುಖವಿಟ್ಟು, ಮಗನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದಳು. ಆ ಕಡೆ ಕಬ್ಬಿಣ ಕೊಯ್ಯುವ ಸದ್ದು ಕೇಳಿಸುತ್ತಿತ್ತು. ಅವನು ಅಳುತ್ತಿದ್ದನೋ ಏನೋ. ಸದ್ದಿನ ನಡುವೆ ಅವನು, "ಅವಳೇ ಹಾಗಂದ್ಕೊಂಡಿದ್ರೆ… ಹಾಗೇ ಇರ್ಲಿ ಬಿಡಮ್ಮ," ಎಂದ. ಇನ್ನೊಬ್ಬರ ಜೀವ ಯಾಕೆ ಎಂದಿದ್ದ ಅದೇ ಮಗ. ಅವನನ್ನು ಹೀಗೆ ಮಾಡಿದ್ದು ರೋಗವಲ್ಲ, ತಾನು ಎಂದು ಅವಳಿಗೆ ಆಗ ತಿಳಿದಿತ್ತು. ತಿಳಿದೂ, ಆ ಮಾತು ಕೇಳಿದೊಡನೆ ಎದೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಸಮಾಧಾನ ತಲೆಯೆತ್ತಿದ್ದು ಸುಳ್ಳಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ, ಒಗೆದ ಹಾಸಿಗೆವಸ್ತ್ರಗಳನ್ನು ಹರವುವ ಅಂಗಳದ ಆಚೆ ಆ ರೋಗದವರನ್ನು ನೋಡುವ ಕೋಣೆಯಿತ್ತು. ಇಂಥ ಕೋಣೆಗಳು ಎಲ್ಲ ಊರುಗಳಲ್ಲಿಯೂ ಹಿಂಭಾಗದಲ್ಲೇ ಇರುತ್ತವೆಂದು ಅವಳಿಗೆ ಗೊತ್ತು. ಬೆಂಚಿನ ಮೇಲೆ ಜನ ಒಬ್ಬರಿಗೊಬ್ಬರು ಸೋಕದಂತೆ ಎಡೆಬಿಟ್ಟು ಕುಳಿತು ತಂತಮ್ಮ ಪಾದಗಳನ್ನು ನೋಡಿಕೊಳ್ಳುವುದು, ಪರಿಚಯದವರು ಕಂಡರೆ ಔಷಧಿಯ ಚೀಲವನ್ನು ಸೆರಗಿನ ಒಳಗೆ ಸರಿಸಿಕೊಳ್ಳುವುದು, ಇವೆಲ್ಲ ಅವಳಿಗೆ ಪಾಠವಾಗಿದ್ದ ಸಂಗತಿಗಳು. ಈ ದಿನ ಮಾತ್ರ ಏನೂ ಅರಿಯದವಳಂತೆ ಅತ್ತಿತ್ತ ನೋಡಬೇಕಾಗಿತ್ತು. "ಹೆದರ್ಕೋಬೇಡಿ ಅತ್ತೆ, ಇಲ್ಲಿ ಒಳ್ಳೆಯವರಿದಾರೆ," ಎಂದು ಸೊಸೆ ಅವಳಿಗೇ ಧೈರ್ಯ ಹೇಳಿದಳು. ಕಿಟಕಿಯ ಹಿಂದಿನ ಗುಮಾಸ್ತ, "ಹೊಸ ಕೇಸು ಯಾರ್ರೀ?" ಎಂದು ಅಂಗಳಕ್ಕೆಲ್ಲ ಕೇಳಿಸುವಂತೆ ಕೂಗಿದ. ಬಟ್ಟೆ ಹರವುತ್ತಿದ್ದವಳು ತಿರುಗಿ ನೋಡಿದಳು. ಹುಡುಗಿ ಎದ್ದು, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ತರಗತಿಯಲ್ಲಿ ಉತ್ತರ ಬಾರದೆ ನಿಂತ ಮಗುವಿನಂತೆ ಕೈಯೆತ್ತಿದಳು.

ಒಳಗಿದ್ದ ವೈದ್ಯೆ ಚಿಕ್ಕ ವಯಸ್ಸಿನವಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಗಂಡ ಬಂದಿಲ್ಲವೇ ಎಂದು ಕೇಳಿದಳು.

"ದೂರದ ಕೆಲಸ ಮೇಡಂ. ಬಂದ ತಕ್ಷಣ ಕರ್ಕೊಂಡ್ಬರ್ತೀನಿ. ಅವರಿಗೂ ನೋಡ್ಬೇಕಲ್ಲ, ನನ್ನಿಂದ ಹೋಗಿರತ್ತೆ."

"ನಿಮ್ಮಿಂದ ಅಂತ ಯಾರು ಹೇಳಿದ್ದು? ಬಸುರಿ ಆದಾಗ ಹೆಂಗಸರ ರಕ್ತ ನೋಡ್ತೀವಿ. ಅದಕ್ಕೇ ಎಷ್ಟೋ ಮನೇಲಿ ಮೊದಲು ಗೊತ್ತಾಗೋದು ಹೆಂಗಸಿಗೆ. ಮೊದಲು ಗೊತ್ತಾದೋಳೇ ತಂದೋಳು ಅಂತ ಹಣೆಪಟ್ಟಿ ಕಟ್ತಾರೆ."

"ಇಲ್ಲ ಮೇಡಂ, ಅವರು ಅಂಥೋರಲ್ಲ. ತಪ್ಪು ನಂದೇ. ಅತ್ತೆಗೆ ಎಲ್ಲಾ ಹೇಳಿದೀನಿ, ಅವರು ಕ್ಷಮಿಸಿದಾರೆ."

ವೈದ್ಯೆ ಕಾಜಾದಮ್ಮನ ಕಡೆ ತಿರುಗಿದಳು. ಆ ದಣಿದ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿದ್ದನ್ನು ಕಂಡು ಕಾಜಾದಮ್ಮನಿಗೆ ಕುಳಿತ ಕುರ್ಚಿಯೇ ಸುಟ್ಟಂತಾಯಿತು. "ನಿಮ್ಮಂಥೋರು ಕಡಿಮೆ ಅಮ್ಮ. ಈ ಕೋಣೆಯಿಂದ ಎದ್ದು ಹೋಗೋ ಎಷ್ಟೋ ಹೆಣ್ಣುಮಕ್ಕಳಿಗೆ ವಾಪಸ್ ಹೋಗೋಕೆ ಮನೆಯೇ ಇರಲ್ಲ," ಎಂದು, ಮತ್ತೆ ಹುಡುಗಿಯ ಕಡೆ ಬಾಗಿ, ಮಾತ್ರೆಯನ್ನು ಇವತ್ತಿನಿಂದಲೇ ಶುರುಮಾಡಿದರೆ ಮಗು ಆರೋಗ್ಯವಾಗಿ ಹುಟ್ಟುವ ಸಂಭವ ತುಂಬ ಹೆಚ್ಚೆಂದು ನಿಧಾನವಾಗಿ ಬಿಡಿಸಿ ಹೇಳಿದಳು. ಹುಡುಗಿಯ ಮುಖ ಅರಳಿತು. "ಒಂದು ವಿಷಯ ಖಚಿತವಾಗಿ ಗೊತ್ತಾಗ್ಬೇಕು. ನಿಮ್ಮ ಗಂಡ ಹಿಂದೆ ಯಾವತ್ತಾದ್ರೂ ಈ ರೋಗಕ್ಕೆ ಮಾತ್ರೆ ತಗೊಂಡು, ನಡುವೆ ಬಿಟ್ಟು, ಹೀಗೆ ಮಾಡಿದಾರಾ? ಹಾಗೆ ಬಿಟ್ಟು ಬಿಟ್ಟು ತಗೊಂಡೋರಿಂದ ಬಂದಿದ್ರೆ, ಕೆಲವು ಮಾತ್ರೆ ಕೆಲಸ ಮಾಡಲ್ಲ. ಆಗ ನಿಮಗೂ ಮಗುವಿಗೂ ಬೇರೆ ಥರ ಯೋಚಿಸ್ಬೇಕಾಗತ್ತೆ."

"ಅಯ್ಯೋ ಇಲ್ಲ ಮೇಡಂ. ಅವರು ತಲೆನೋವಿಗೂ ಮಾತ್ರೆ ನುಂಗೋರಲ್ಲ," ಎಂದು ಹುಡುಗಿ ಹೆಮ್ಮೆಯಿಂದ ನಕ್ಕಳು.

ವೈದ್ಯೆ ಬರೆಯತೊಡಗಿದಳು. ಕಾಗದದ ಮೇಲೆ ಲೇಖನಿ ಓಡುವ ಸದ್ದು ಎಷ್ಟು ಸಣ್ಣದು. ಆ ಸದ್ದಿನಲ್ಲಿಯೇ ಒಂದು ಜೀವದ ಹಾದಿ ತೀರ್ಮಾನವಾಗುತ್ತಿತ್ತು. ಕೇಳಿದ್ದು ನಿನ್ನನ್ನಲ್ಲ, ಎಂದಿತು ಕಾಜಾದಮ್ಮನ ಮನಸ್ಸು. ಡಾಕ್ಟರಿಗೆ ಗೊತ್ತಿರುವಷ್ಟು ನಿನಗೆ ಗೊತ್ತೇ; ಮಾತ್ರೆ ಯಾವುದಾದರೇನು, ದೇವರು ದೊಡ್ಡವನು. ದೇವರ ಹೆಸರು ಬಂದದ್ದೇ ಅವಳಿಗೆ ತನ್ನ ಮನಸ್ಸಿನ ಬಗ್ಗೆ ಹೇಸಿಗೆಯೆನಿಸಿತು. ಆ ಹೆಸರನ್ನು ಅವಳು ದಿನವೂ ಸ್ನಾನಮಾಡಿ, ಮಡಿಯಲ್ಲಿ ನಿಂತು ಕರೆಯುತ್ತಿದ್ದಳು. ಕಳ್ಳ ತನ್ನ ಮೂಟೆಯನ್ನು ಪರರ ಹಿತ್ತಿಲಿಗೆ ಎಸೆಯುವಂತೆ ಈಗ ಅದರ ಮೇಲೆ ಭಾರ ಹಾಕುತ್ತಿದ್ದಾಳೆ. ನಿಜ ಆಡಿದರೆ ಈ ಹುಡುಗಿ ಇನ್ನೆಂದೂ ತನ್ನ ಕಡೆ ಹಾಗೆ ನೋಡುವುದಿಲ್ಲ. ಜೀವಮಾನದಲ್ಲಿ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ, ಗಂಡನೂ ನೋಡಿರಲಿಲ್ಲ, ಹೆತ್ತ ಮಗನೂ. ಕಳೆದ ಎರಡು ದಿನಗಳಲ್ಲಿ ಒಂದು ಕ್ಷಣ, ಒಂದೇ ಕ್ಷಣ, ತಾನು ನಿಜವಾಗಿ ಕ್ಷಮಿಸಿದವಳೇ ಎಂದು ಅವಳಿಗೆ ಅನ್ನಿಸಿಯೂ ಇತ್ತು. ಮೇಜಿನ ಆ ಬದಿಯಲ್ಲಿ ವೈದ್ಯೆ ಹಾಳೆಯನ್ನು ತಿರುವಿದಳು. ಹುಡುಗಿಯ ಕೈ ಹೊಟ್ಟೆಯ ಮೇಲಿತ್ತು. ಅದು ಅಲ್ಲಿರುವುದು ಅವಳಿಗೇ ತಿಳಿದಿರಲಿಲ್ಲ, ನಿದ್ದೆಯಲ್ಲಿರುವವರ ಕೈಯಂತೆ.

"ಮೊದಲನೇ ಮಾತ್ರೆ ಅವನಿಗೆ ಒಗ್ಗಲಿಲ್ಲ," ಎಂದಳು ಕಾಜಾದಮ್ಮ. "ಕೆಟ್ಟ ಕೆಟ್ಟ ಕನಸು ಬೀಳೋದು. ಆಮೇಲೆ ಬದಲಾಯಿಸಿ ಕೊಟ್ರು."

ಸೊಸೆಯ ನೆಗಡಿಗೆ ಮನೆಮದ್ದು ಹೇಳುವ ದನಿಯಲ್ಲಿ, ಯಾವ ಸಿದ್ಧತೆಯೂ ಇಲ್ಲದೆ ಬಂದ ಮಾತು ಅದು. ಲೇಖನಿ ನಿಂತಿತು.

"ಯಾರಿಗೆ ಅಮ್ಮ?"

"ನನ್ನ ಮಗನಿಗೆ."

"ಯಾವಾಗಿಂದ ತಗೋತಿದಾರೆ?"

"ಇವಳು ನಮ್ಮನೆಗೆ ಬರೋ ಮುಂಚಿನಿಂದ. ಇವಳು ಬರೋವರೆಗೂ ಒಂದು ದಿನ ತಪ್ಪಿಸಿರಲಿಲ್ಲ. ಬಂದ ಮೇಲೆ… ಇವಳ ಕಣ್ಣಿಗೆ ಬೀಳದ ಹಾಗೆ ಕೊಡ್ಬೇಕಿತ್ತಲ್ಲ. ತಪ್ಪೋಯ್ತು. ತುಂಬಾ ತಪ್ಪೋಯ್ತು."

ವೈದ್ಯೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಇರುತ್ತಿತ್ತು. ಬರೆದ ಹಾಳೆಯನ್ನು ಪಕ್ಕಕ್ಕಿಟ್ಟು, ಕಣ್ಣುಜ್ಜಿಕೊಂಡು, "ಅವರು ಬಿಡದೆ ತಗೊಂಡಿದ್ರೆ ಇವರಿಗೆ ದಾಟ್ತಾನೇ ಇರಲಿಲ್ಲ ಅಮ್ಮ," ಎಂದಳು. ಹೊಸ ಹಾಳೆ ತೆಗೆದು, "ಈಗ ಹೇಳಿದ್ದು ಒಳ್ಳೇದಾಯ್ತು. ಮಗುವಿಗೆ ಒಳ್ಳೇದಾಯ್ತು," ಎಂದೂ ಸೇರಿಸಿದಳು. ಮಾತ್ರೆಯ ಹೆಸರುಗಳನ್ನು ಕೇಳಿದಳು. ಕಾಜಾದಮ್ಮನಿಗೆ ಹೆಸರು ಬರದು, ಬಣ್ಣ ಮತ್ತು ಆಕಾರ ಹೇಳಿದಳು. ಹಾಗೆ ಹೇಳುವಾಗ ಪಕ್ಕದ ಕುರ್ಚಿಯ ಕಡೆ ನೋಡದಿರುವುದೇ ಒಂದು ಕೆಲಸವಾಗಿತ್ತು. ಇನ್ನೊಮ್ಮೆ ರಕ್ತ ಕೊಡಬೇಕೆಂದಾಗ ಹುಡುಗಿ ತೋಳು ಚಾಚಿದಳು. ಸೂಜಿ ಚುಚ್ಚಿದವಳು ನೋವಾಯಿತೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದಳು.

ಅಂಗಳದಲ್ಲಿ ಒದ್ದೆ ಬಟ್ಟೆಗಳ ಸಾಲುಗಳ ನಡುವೆ ಬಂದಾಗ ಹುಡುಗಿ ನಿಂತಳು. ಎರಡು ಬಿಳಿಯ ಹಾಸುಗಳ ಮಧ್ಯದ ಆ ಇಕ್ಕಟ್ಟು ಒಂದು ಕೋಣೆಯಂತಿತ್ತು.

"ಗೋಡೌನಿನ ಮಾತು ನಾನು ಸಾಯೋವರೆಗೂ ಯಾರಿಗೂ ಹೇಳ್ತಿರಲಿಲ್ಲ," ಎಂದಳು.

"ಗೊತ್ತು ಕಣೆ."

"ಅದೊಂದು ನನ್ನ ಹತ್ರಾನೇ ಇರ್ತಿತ್ತು. ಅದನ್ನೂ ಹೇಳಿಸ್ಕೊಂಡ್ರಿ."

ಹೇಳಿಸಿಕೊಳ್ಳಲಿಲ್ಲ, ನೀನೇ ಹೇಳಿದೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಈ ಹೊತ್ತಿನಲ್ಲಿಯೂ ತನ್ನ ನಾಲಗೆ ವಾದ ಹುಡುಕುತ್ತಿದೆಯಲ್ಲ ಎಂದು ಕಾಜಾದಮ್ಮ ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

"ತಲೆ ಮೇಲೆ ಕೈ ಇಟ್ಟಾಗ ನಿಮ್ಮ ಕೈ ನಡುಗ್ತಿತ್ತು," ಎಂದಳು ಹುಡುಗಿ. "ನನ್ನ ಮೇಲಿನ ಕರುಣೆಗೆ ಅಂದ್ಕೊಂಡೆ."

ಅಷ್ಟು ಹೇಳಿ ಹಾಸುಗಳನ್ನು ಸರಿಸಿ ನಡೆದುಬಿಟ್ಟಳು. ಅವಳ ಹಿಂದೆ ಹಿಂದೆಯೇ ಏದುತ್ತ ಬಂದು, ಗೇಟಿನ ಹತ್ತಿರ, "ಎಲ್ಲಿಗೆ ಹೊರಟೆ ಹೇಳು. ಅಷ್ಟಾದ್ರೂ ಹೇಳು," ಎಂದಳು ಕಾಜಾದಮ್ಮ.

ಹುಡುಗಿ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಈಗಷ್ಟೇ ಒಂದು ಲೆಕ್ಕ ಅರ್ಥವಾದವರ ಮುಖ. "ಎಲ್ಲಿಗೆ ಹೋಗ್ಲಿ ಅತ್ತೆ? ಹೋಗೋಕೆ ಜಾಗ ಇಲ್ಲ ಅಂತ ತಾನೆ ನನ್ನ ಆರಿಸಿದ್ದು ನೀವು?"

ಅತ್ತೆ ಎಂಬ ಮಾತು ಆಗಲೂ ತಪ್ಪಲಿಲ್ಲ. ಬಾಯಿಯ ಅಭ್ಯಾಸ. ಅವಳು ರಸ್ತೆಗಿಳಿದು, ಬಸ್ಸು ಲಾರಿಗಳ ನಡುವೆ ಒಂದು ಎಡೆ ಹಿಡಿದು, ಆ ಬದಿಗೆ ದಾಟಿದಳು. ಕಾಜಾದಮ್ಮ ಈ ಬದಿಯಲ್ಲಿ ಉಳಿದಳು. ವಾಹನಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಕೂಗಿ ಕರೆಯಬಹುದಿತ್ತು. ಕರೆದರೆ ಅವಳು ಬಂದೇ ಬರುತ್ತಾಳೆ, ಬಂದು ಕೈ ಹಿಡಿದು ದಾಟಿಸುತ್ತಾಳೆ, ಅಂಥ ಹುಡುಗಿ. ಆದ್ದರಿಂದಲೇ ಕರೆಯಬಾರದು. ಕ್ಷಮಿಸು ಎಂದೂ ಕೇಳಬಾರದು, ಇಂದು ಅಲ್ಲ, ನಾಳೆಯೂ ಅಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ, ಕೊಡದೆ ಆ ಮನೆಯಲ್ಲಿ ಅವಳಿಗೆ ಬೇರೆ ಗತಿಯಿಲ್ಲ. ಇಲ್ಲವೆನ್ನಲಾರದವಳ ಹತ್ತಿರ ಇನ್ನೊಂದು ಸಲ ಕೈಯೊಡ್ಡುವುದೇ? ರಸ್ತೆಯ ಆಚೆ ಹುಡುಗಿ ಬಸ್ಸಿನ ನಿಲ್ದಾಣವನ್ನು ತಲುಪಿ ಈ ಕಡೆಗೆ ಬೆನ್ನು ಹಾಕಿ ನಿಂತಿದ್ದಳು. ಅವರ ಬೀದಿಗೆ ಹೋಗುವ ಬಸ್ಸು ಬಂತು, ನಿಂತಿತು, ಹೊರಟಿತು. ಬಸ್ಸು ಸರಿದ ಮೇಲೆ ನೋಡಿದರೆ ಅವಳು ಅಲ್ಲಿಯೇ ಇದ್ದಳು. ತನಗಾಗಿ ಕಾದಳೋ, ಹತ್ತುವ ಮನಸ್ಸಾಗಲಿಲ್ಲವೋ, ಆ ಬೆನ್ನನ್ನು ನೋಡಿ ಹೇಳುವಂತಿರಲಿಲ್ಲ. ಕಾಜಾದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕರೆಯದೆ, ರಸ್ತೆಗೆ ಒಂದು ಹೆಜ್ಜೆ ಇಟ್ಟಳು, ಹಾರ್ನು ಕಿವಿ ಹರಿಯುವಂತೆ ಕೂಗಿತು, ಹಿಂದಕ್ಕೆ ಸರಿದಳು, ಮತ್ತೆ ಇಟ್ಟಳು.